ಕೇಳಿದ್ದು, ಕೇಳಿಸದ್ದು

ಪ್ಯಾರಿಸ್, 14 ನವೆಂಬರ್ 1951

ಮಾನ್ಯ ಶ್ರೀಮತಿ ಓಡಿಲ್ ಕರ್ವೆನ್ ಅವರಿಗೆ,

ತಮಗೆ ನನ್ನ ನೆನಪಿರಲಾರದು. ಸೆಪ್ಟೆಂಬರಿನಲ್ಲಿ ಪೋರ್ಗ್ವೆನೆಕ್ಕಿನ ತಮ್ಮ ಹೋಟೆಲಿನಲ್ಲಿ ನಮ್ಮ ಹಾಸ್ಯಚಿತ್ರದ ಚಿತ್ರೀಕರಣ ಹನ್ನೊಂದು ದಿನ ನಡೆಯಿತಲ್ಲ, ಆಗ ಎಲ್ಲರೂ ಕ್ಯಾಮೆರಾದ ಹಿಂದೆ ಮುಂದೆ ಓಡಾಡುತ್ತಿದ್ದರೆ ಕಿವಿಗೆ ಎರಡು ಡಬ್ಬಿ ಸಿಕ್ಕಿಸಿಕೊಂಡು ಹೂಕುಂಡದ ಪಕ್ಕ ಕೂತಿದ್ದ ಬೋಳುತಲೆಯವನು ನಾನು. ತಾವು ಬಂದು "ಸೂಪ್ ಬೇಕಾ?" ಎಂದು ಮೂರು ಸಲ ಕೇಳಿದಿರಂತೆ. ನನಗೆ ಕೇಳಿಸಲಿಲ್ಲ. ನಾಲ್ಕನೆಯ ಸಲ ಕೇಳದೆ ಇಟ್ಟು ಹೋದಿರಿ. ಸದ್ದು ಹಿಡಿದು ಹೊಟ್ಟೆ ಹೊರೆಯುವವನಿಗೆ ಇದಕ್ಕಿಂತ ನಾಚಿಕೆ ಬೇರೆ ಬೇಕಿಲ್ಲ.

ಈಗ ಕೆಲಸದ ವಿಷಯ. ಅಲ್ಲಿ ಹಿಡಿದು ತಂದ ಸದ್ದೆಲ್ಲ ಗಾಳಿಗೆ ಹಾಳಾಗಿದೆ. ತಮ್ಮೂರಿನ ಸಮುದ್ರವನ್ನು ಇಲ್ಲಿ ಸ್ಟುಡಿಯೊದಲ್ಲಿ ಕೇಳಿದರೆ ಯಾರೋ ಈರುಳ್ಳಿ ಹುರಿಯುತ್ತಿರುವಂತಿದೆ. ಹೀಗಾಗಿ ಇಡೀ ಚಿತ್ರದ ಸದ್ದನ್ನು ಮೊದಲಿಂದ ಮಾಡುವುದು ನನ್ನ ಪಾಲಿಗೆ ಬಂದಿದೆ. ಪರದೆಯ ಮೇಲೆ ಯಾರೇ ನಡೆಯಲಿ, ಹೆಜ್ಜೆ ನನ್ನದು. ಬೀಳುವವನು ನಟ, ನೋಯುವವನು ನಾನು. ಅಲೆಗೆ ಜರಡಿಯಲ್ಲಿ ಆಡಿಸಿದ ಅವರೆಬೇಳೆ, ಮರಳಿಗೆ ಕಲ್ಲುಪ್ಪು, ಮುತ್ತಿಗೆ ನನ್ನದೇ ಮುಂಗೈ. ಇಪ್ಪತ್ತು ವರ್ಷದಿಂದ ಫ್ರಾನ್ಸಿನ ಅರ್ಧ ಪ್ರೇಮಿಗಳು ಮುತ್ತಿಟ್ಟದ್ದು ನನ್ನ ಮುಂಗೈಗೆ.

ಚಿತ್ರದ ಮುಖ್ಯ ದೃಶ್ಯ ತಮಗೆ ಗೊತ್ತು. ಊರವರು "ಕ್ಷಮಿಸಿ ಸಾಹೇಬರು" ಎಂದು ಹೆಸರಿಟ್ಟ ನಮ್ಮ ಗುಂಡುಗುಂಡಗಿನ ನಾಯಕ ಹೋಟೆಲಿನ ಮೆಟ್ಟಿಲ ಮೇಲೆ ಒಬ್ಬ ಹೆಂಗಸಿಗೆ ದಾರಿ ಬಿಡಲು ಒಂದು ಮೆಟ್ಟಿಲು ಹಿಂದೆ ಸರಿಯುತ್ತಾನೆ. ನಾಯಿಗೆ ದಾರಿ ಬಿಡಲು ಇನ್ನೊಂದು. ಅಂಚೆಯವನಿಗೆ ಮತ್ತೊಂದು. ಹಾಗೆ ಸರಿದು ಸರಿದು ಬಟ್ಟೆ ಒಯ್ಯುವ ಗಾಡಿಯೊಳಗೆ ಕುಂಡೆ ಊರಿ, ಇಳಿಜಾರಿನಲ್ಲಿ ಸಮುದ್ರದವರೆಗೆ ಉರುಳಿ ಹೋಗುತ್ತಾನೆ. ದಾರಿಯುದ್ದಕ್ಕೂ ಎದುರು ಬಂದವರಿಗೆಲ್ಲ ಟೊಪ್ಪಿ ಎತ್ತಿ ಕ್ಷಮೆ ಕೇಳುತ್ತ. ಆ ಗಾಡಿಯ ಎಡಗಡೆಯ ಮುಂದಿನ ಚಕ್ರ ಎರಡು ಸ್ವರದಲ್ಲಿ ಅಳುತ್ತದೆ: ಕೀಂ, ಕುಯ್ಯ್. ಪ್ಯಾರಿಸಿನ ಹನ್ನೆರಡು ಚಕ್ರ ತಿರುಗಿಸಿ ನೋಡಿದೆ. ಯಾವುದೂ ಹಾಗೆ ಅಳುವುದಿಲ್ಲ. ದಯವಿಟ್ಟು ಆ ಚಕ್ರವನ್ನು ಕೊಂಚ ಕಾಲ ಕಳಿಸಿಕೊಡಬಹುದೇ?

ಇನ್ನೊಂದು ಮಾತು. ಗಾಡಿ ಉರುಳಿದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತ ತಾವು ನಕ್ಕದ್ದು ನನ್ನ ಟೇಪಿನಲ್ಲಿ ಸಿಕ್ಕಿದೆ. ಗಾಳಿಗೆ ಹಾಳಾಗದೆ ಉಳಿದ ಸದ್ದು ಅದೊಂದೇ. ಚಿತ್ರದಲ್ಲಿ ಬಳಸಲು ಒಪ್ಪಿಗೆ ಇದೆಯೇ?

ಚಕ್ರ ಬಂದರೆ ಚಿತ್ರ ಉಳಿದೀತು,
ಚಿತ್ರ ಉಳಿದರೆ ಬೋಳುತಲೆ ಬೆಳಗೀತು.

ಪ್ರಾಸಕ್ಕೆ ಕ್ಷಮೆ ಇರಲಿ. ಅದು ನನ್ನ ಹಳೆಯ ಕಾಯಿಲೆ.

ತಮ್ಮ ವಿಶ್ವಾಸಿ,
ಲ್ಯೂಸಿಯೆನ್ ಬೋಸ್ಕೆ


ಪೋರ್ಗ್ವೆನೆಕ್, 27 ನವೆಂಬರ್ 1951

ಮಾನ್ಯ ಬೋಸ್ಕೆ ಅವರೇ,

ನೆನಪಿದೆ. ಆರಿ ಕಲ್ಲಾದ ಸೂಪನ್ನು ಕುಡಿದು "ಚೆನ್ನಾಗಿದೆ" ಎಂದವರು ನಮ್ಮ ಹೋಟೆಲಿನ ಚರಿತ್ರೆಯಲ್ಲಿ ನೀವೊಬ್ಬರೇ.

ಚಕ್ರದ ವಿಷಯ ಯಜಮಾನಿ ಮದಾಮ್ ಲೊಜಾಕ್ ಅವರಿಗೆ ಹೇಳಿದೆ. "ಏನಮ್ಮಾ ಇದು? ಇವತ್ತು ಚಕ್ರ ಕೇಳ್ತಾರೆ. ನಾಳೆ ಬಾಗಿಲು ಕೇಳ್ತಾರೆ. ನಾಡಿದ್ದು ನನ್ನ ಮಂಡಿ ಕೇಳ್ತಾರೆ, ಅದೂ ಕಟಕಟ ಅನ್ನುತ್ತೆ" ಎಂದರು. ಹಾಗೆ ಹೇಳಿದವರು ಮರುದಿನ ತಾವೇ, "ಚಕ್ರ ಕಳಿಸಿದ್ರೆ ಹೆಸರು ಹಾಕ್ತಾರಾ?" ಎಂದು ಕೇಳಿದರು. ಹಾಕುತ್ತಾರೆ ಎಂದೆ. ಅದು ನಿಮ್ಮ ತಲೆನೋವು.

ಚಕ್ರ ಬಿಚ್ಚಿದವರು ಕೊರೆಂತಿನ್. ಬಂದರಿನಲ್ಲಿ ಹಗ್ಗ, ಬಣ್ಣ, ಲಂಗರು ಮಾರುವ ಅಂಗಡಿ ಅವರದು. ಹೋಟೆಲಿನಲ್ಲಿ ಏನು ಮುರಿದರೂ ಅವರೇ ಬರುತ್ತಾರೆ, ಏನೂ ಮುರಿಯದಿದ್ದರೂ ಬರುತ್ತಾರೆ. ಹಳೆಯದನ್ನು ತೆಗೆದು ಹೊಸ ರಬ್ಬರು ಚಕ್ರ ಹಾಕಿಕೊಟ್ಟರು. ಅದರ ಫಲ ಕೇಳಿ. ಮೊದಲು ನಾನು ಗಾಡಿ ತಳ್ಳಿಕೊಂಡು ಬರುವುದು ಅಡುಗೆಯ ಜೋಬನಿಗೆ ಗೋಡೆಯಾಚೆಯಿಂದಲೇ ತಿಳಿಯುತ್ತಿತ್ತು, ಪಕ್ಕಕ್ಕೆ ನಿಲ್ಲುತ್ತಿದ್ದ. ಈಗ ತಿಳಿಯುವುದಿಲ್ಲ. ಎರಡು ದಿನದಲ್ಲಿ ಮೂರು ಡಿಕ್ಕಿ, ಇಪ್ಪತ್ತು ಮೊಟ್ಟೆ. ಮೂರನೆಯ ಸಲ ಹಳದಿ ಲೋಳೆಯಲ್ಲಿ ಕೂತೇ ಜೋಬ್ ಹೇಳಿದ: "ಓಡಿಲಕ್ಕಾ, ಕುತ್ತಿಗೆಗೆ ಗಂಟೆ ಕಟ್ಕೊಂಡು ಓಡಾಡು."

ಇನ್ನು ಆ ನಗು. ಅದನ್ನು ಅಳಿಸಿಬಿಡಿ. ನನ್ನ ಗಂಡ ಯಾನ್ ದೋಣಿಯ ಸಮೇತ ಸಮುದ್ರದ ಪಾಲಾಗಿ ಐದು ವರ್ಷವಾಯಿತು. ಈ ಊರಿನ ಕಣ್ಣಿಗೆ ನಾನಿನ್ನೂ ಕಪ್ಪು ಬಟ್ಟೆಯವಳು. ಆ ದಿನ ಹಾಗೆ ನಕ್ಕದ್ದನ್ನು ಬೇಕರಿಯಲ್ಲಿ ಇನ್ನೂ ಆಡಿಕೊಳ್ಳುತ್ತಿದ್ದಾರೆ. ಸಿನಿಮಾದಲ್ಲೂ ಬಂದರೆ ಮುಗಿದೇ ಹೋಯಿತು. ನಿಮ್ಮ ಕ್ಷಮಿಸಿ ಸಾಹೇಬರು ಗಾಡಿಯೊಳಗಿಂದ ನನಗೂ ಟೊಪ್ಪಿ ಎತ್ತಿದರು ನೋಡಿ, ತಡೆಯಲಾಗಲಿಲ್ಲ.

ಚಕ್ರದ ಪೆಟ್ಟಿಗೆಯನ್ನು ಕೊರೆಂತಿನ್ ತಮ್ಮ ವ್ಯಾನಿನಲ್ಲಿ ರೈಲು ನಿಲ್ದಾಣಕ್ಕೆ ಒಯ್ದಿದ್ದಾರೆ.

ಓಡಿಲ್ ಕರ್ವೆನ್

ನಿಮ್ಮ ಪ್ರಾಸಕ್ಕೆ ಮದಾಮ್ ಲೊಜಾಕ್ ನಕ್ಕರು. ನಾನು ನಗಲಿಲ್ಲ. ಹೀಗೆ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.


ಪ್ಯಾರಿಸ್, 20 ಜನವರಿ 1952

ಓಡಿಲ್ ಅವರೇ,

ಹೆಸರು ಹಿಡಿದು ಕರೆದದ್ದಕ್ಕೆ ಕೋಪಿಸಿಕೊಳ್ಳಬೇಡಿ. ಜೋಬ್ ಅಕ್ಕ ಎನ್ನಬಹುದಾದರೆ ನಾನು ಇಷ್ಟಾದರೂ ಎನ್ನಬಹುದು ಎಂದುಕೊಂಡೆ.

ಚಕ್ರ ಬಂತು. ಮೈಕಿನ ಮುಂದೆ ಮೇಜಿನ ಮೇಲಿಟ್ಟು, ದೀಪ ಆರಿಸಿ, ಎಲ್ಲರನ್ನೂ ಉಸಿರು ಬಿಗಿಹಿಡಿಯಲು ಹೇಳಿ ತಿರುಗಿಸಿದೆ. ಏನೂ ಇಲ್ಲ. ಮತ್ತೆ ತಿರುಗಿಸಿದೆ. ರೇಷ್ಮೆಯ ಹಾಗೆ ಜಾರಿತು. ದೀಪ ಹಾಕಿ ನೋಡಿದರೆ ನಿಮ್ಮ ಕೊರೆಂತಿನ್ ಅವರು, ದೇವರು ಅವರನ್ನು ಚೆನ್ನಾಗಿಟ್ಟಿರಲಿ, ಪ್ಯಾರಿಸಿಗೆ ಹೋಗುವ ವಸ್ತು ಎಂದು ಚಕ್ರವನ್ನು ಒರೆಸಿ, ಉಜ್ಜಿ, ನಡುವಿನ ಗುಂಬಕ್ಕೆ ಒಳ್ಳೆಯ ಎಣ್ಣೆ ಹಾಕಿ ಕಳಿಸಿದ್ದಾರೆ. ಎಷ್ಟು ಚೆನ್ನಾಗಿ ಕೆಲಸ ಮಾಡಿದ್ದಾರೆಂದರೆ ನಾನು ಕೂತು ಅಳಬೇಕಾಯಿತು. ಈಗ ಅದನ್ನು ಬಕೆಟ್ಟಿನ ಉಪ್ಪುನೀರಿನಲ್ಲಿ ನೆನೆಹಾಕಿದ್ದೇನೆ. ಹತ್ತು ದಿನಕ್ಕೆ ಕೀಂ ಬಂದಿದೆ. ಕುಯ್ಯ್ ಇನ್ನೂ ಬರಬೇಕು.

ಎಣ್ಣೆ ಕುಡಿದ ಚಕ್ರಕ್ಕೆ ಎಂಥ ಹಾಡು?
ಉಪ್ಪುನೀರಿನಲ್ಲಿ ಮುಳುಗಿಸಿದ್ದೇ ನನ್ನ ಪಾಡು.

ಕ್ಷಮಿಸಿ ಸಾಹೇಬರ ಬೀಳುವಿಕೆ ಮುಗಿಯಿತು. ಹಳೆಯ ಚರ್ಮದ ಚೀಲಕ್ಕೆ ಒದ್ದೆ ಪತ್ರಿಕೆ ತುಂಬಿ ನನ್ನ ಮೇಲೇ ಬೀಳಿಸಿಕೊಂಡೆ, ಒಂಬತ್ತು ಸಲ. ಎಂಟು ಸಲವೂ ಅದು ಚೀಲದ ಸದ್ದು. ಒಂಬತ್ತನೆಯ ಸಲ ನೋವಿಗೆ "ಹುಂ" ಎಂದೆ, ಆಗ ಮನುಷ್ಯ ಬಿದ್ದಂತಾಯಿತು. ಅಂದರೆ ಚಿತ್ರದಲ್ಲಿ ಮಾತಿಲ್ಲದ ನಮ್ಮ ನಾಯಕ ಆಡುವ ಒಂದೇ ಒಂದು ಮಾತು ನನ್ನದು. ಈ ಗುಟ್ಟು ನಿಮಗೆ ಮಾತ್ರ ಗೊತ್ತು.

ನಿಮ್ಮ ನಗುವನ್ನು ಅಳಿಸಿದ್ದೇನೆ. ನೀವು ಹೇಳಿದಂತೆ. ನಗುವಿಗೆ ಮೊದಲು ನೀವು ಎಳೆದುಕೊಂಡ ಉಸಿರೊಂದು ಉಳಿದಿದೆ, ಅರ್ಧ ಸೆಕೆಂಡಿನದು. ಅದು ನಗುವಲ್ಲ, ಆದ್ದರಿಂದ ನಿಮ್ಮ ಮಾತು ಮೀರಿದಂತೆ ಆಗಲಿಲ್ಲ ಎಂದು ನನ್ನ ವಾದ. ಆ ತುಣುಕಿಗೆ ಚಿತ್ರದಲ್ಲಿ ಜಾಗವಿಲ್ಲ. ನನ್ನ ಮೇಜಿನ ಖಾನೆಯಲ್ಲಿದೆ.

ಒಂದು ಸದ್ದು ಮಾತ್ರ ನನಗೆ ಒಲಿಯುತ್ತಿಲ್ಲ: ರಜೆ ಮುಗಿದು ಎಲ್ಲರೂ ಹೋದ ಮೇಲಿನ ಖಾಲಿ ಕಡಲತೀರದ್ದು. ಅವರೆಬೇಳೆಗೆ ಅದು ಗೊತ್ತಿಲ್ಲ. ಅಲ್ಲಿ ಕಿಟಕಿಯಿಂದ ಏನು ಕೇಳಿಸುತ್ತದೆ, ಬರೆಯುತ್ತೀರಾ?

ನಿಮ್ಮ
ಲ್ಯೂಸಿಯೆನ್ ಬೋಸ್ಕೆ


ಪೋರ್ಗ್ವೆನೆಕ್, 9 ಮಾರ್ಚ್ 1952

ಲ್ಯೂಸಿಯೆನ್ ಅವರೇ,

ನೀವು ಕೇಳಿದ್ದಕ್ಕೆ ನಾಲ್ಕು ಬೆಳಗ್ಗೆ ಕಿಟಕಿಯಲ್ಲಿ ನಿಂತೆ. ಐದನೆಯ ದಿನ ಕೊನೆಗೆ ಕೇಳಿಸಿತು. ಖಾಲಿ ತೀರದಲ್ಲಿ ಕೇಳಿಸುವುದು ಸಮುದ್ರವಲ್ಲ. ಯಾರನ್ನೋ ಯಾರೋ ಕರೆದ ಹಾಗೆ. ಬೇಸಿಗೆಯಲ್ಲಿ ಇಡೀ ದಿನ ಕರೆಯುತ್ತಿರುತ್ತಾರಲ್ಲ, ಬಾರೋ, ಊಟಕ್ಕೆ ಬಾ, ನೀರಿಗಿಳೀಬೇಡ ಬಾ, ಎಂದು. ಜನ ಹೋದ ಮೇಲೂ ಕಿವಿ ಅದಕ್ಕೆ ಕಾಯುತ್ತದೆ. ಇದು ನಿಮ್ಮ ಕೆಲಸಕ್ಕೆ ಬಂದೀತೋ ಇಲ್ಲವೋ.

ಎಣ್ಣೆಯ ಕಥೆಯನ್ನು ಕೊರೆಂತಿನ್‌ಗೆ ಹೇಳಿದೆ. ಕೆಂಪಗಾದರು. "ತುಕ್ಕು ಹಿಡಿದದ್ದನ್ನ ಬೇಕು ಅಂತ ಕೇಳೋ ಜನಾನೂ ಇದ್ದಾರಾ?" ಎಂದರು. ಇದ್ದಾರೆ ಎಂದೆ.

ಒಂದು ಸುದ್ದಿಯಿದೆ. ಹೋದ ಮಂಗಳವಾರ ಅವರು ಮಾಡಿನ ಅಂಚಿನ ತೂಬು ಸರಿಮಾಡುತ್ತಿದ್ದರು, ನಾನು ಏಣಿ ಹಿಡಿದುಕೊಂಡಿದ್ದೆ. ಮೇಲಿಂದಲೇ ಕೇಳಿದರು:

"ಓಡಿಲ್, ಇನ್ನೊಂದು ಮದ್ವೆ ಆಗೋ ಯೋಚ್ನೆ ಮಾಡಿದ್ದೀಯಾ?"

"ಇಲ್ಲ."

"ಹಾಗಾದ್ರೆ ಮಾಡು. ನನ್ನನ್ನೇ ಅಂತ ಇಟ್ಕೊಂಡು ಮಾಡು. ಅವಸರ ಇಲ್ಲ. ಸಂತ ಯೋಹಾನನ ಹಬ್ಬದ ಒಳಗೆ ಹೇಳಿದ್ರೆ ಸಾಕು. ಆ ದೊಡ್ಡ ಮೊಳೆ ಕೊಡು."

ಮೊಳೆ ಕೊಟ್ಟೆ. ಅವರು ಹೊಡೆದರು. ನೆಟ್ಟಗೆ ಹೋಯಿತು. ಅವರು ಹೊಡೆದ ಮೊಳೆ ಯಾವತ್ತೂ ಸೊಟ್ಟಗಾಗುವುದಿಲ್ಲ.

ಅವರು ಒಳ್ಳೆಯವರು. ಯಾನ್ ಹೋದ ಚಳಿಗಾಲದಲ್ಲಿ ದಿನಾ ಬೆಳಗ್ಗೆ ನನ್ನ ಬಾಗಿಲಿಗೆ ಸೌದೆ ತಂದಿಟ್ಟು, ಬಡಿಯದೆ ಹೋಗುತ್ತಿದ್ದರು. ನನಗೀಗ ಮೂವತ್ತೆಂಟು. ಇಲ್ಲಿಯ ಚಳಿಗಾಲ ಎಷ್ಟು ಉದ್ದ ಎಂದು ಸೆಪ್ಟೆಂಬರಿಗೆ ಬಂದು ಹೋಗುವವರಿಗೆ ತಿಳಿಯುವುದಿಲ್ಲ.

ಜೂನ್ ಇಪ್ಪತ್ತನಾಲ್ಕಕ್ಕೆ ಹಬ್ಬ. ಅಷ್ಟರೊಳಗೆ ನಾನು ಹೂಂ ಅಥವಾ ಊಹೂಂ ಎನ್ನಬೇಕು. ನಿಮ್ಮ ಅಭಿಪ್ರಾಯವೇನು? ನೀವು ಕೇಳುವುದನ್ನೇ ಕಸುಬು ಮಾಡಿಕೊಂಡವರು. ಏನಾದರೂ ಕೇಳಬೇಕೆಂದಿದ್ದರೆ ಈಗ ಕೇಳಿ.

ಓಡಿಲ್


ಪ್ಯಾರಿಸ್, 2 ಏಪ್ರಿಲ್ 1952

ಓಡಿಲ್ ಅವರೇ,

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಮೂರು ಉತ್ತರ ಬರೆದು ಮೂರನ್ನೂ ಹರಿದೆ. ಮೊದಲನೆಯದರಲ್ಲಿ ಕೊರೆಂತಿನ್ ಅವರನ್ನು ಹೊಗಳಿದ್ದೆ. ಅದು ನಿಜವಾಗಿತ್ತು, ಆದ್ದರಿಂದ ಹರಿದೆ. ಎರಡನೆಯದರಲ್ಲಿ ಅವರನ್ನು ತೆಗಳಿದ್ದೆ. ಓದಿ ನನಗೇ ಹೇಸಿಗೆಯಾಯಿತು. ಮೂರನೆಯದು ತುದಿಯವರೆಗೂ ಪ್ರಾಸವಾಗಿತ್ತು. ನಿಮಗೆ ಗೊತ್ತು, ನನಗೆ ಭಯವಾದಾಗ ಪ್ರಾಸ ಬರುತ್ತದೆ, ಕೆಲವರಿಗೆ ಬಿಕ್ಕಳಿಕೆ ಬರುವ ಹಾಗೆ.

ಇಪ್ಪತ್ತು ವರ್ಷ ಪರರ ಹೆಜ್ಜೆ ಹಾಕಿದವನು ನಾನು. ಕಾಗದದ ಮೇಲೆ ನನ್ನ ಮಾತು ನನಗೇ ನಕಲಿ ಎನಿಸುತ್ತದೆ. ನನಗೆ ಬರುವುದು ಒಂದೇ: ಸದ್ದು. ಆದ್ದರಿಂದ ನೀವು ಕೇಳು ಎಂದದ್ದನ್ನು ನಾನು ಅಲ್ಲೇ ಕೇಳಿದ್ದೇನೆ.

ಚಿತ್ರ ಮುಗಿದಿದೆ. ಪ್ಯಾರಿಸಿಗಿಂತ ಮೊದಲು ನಿಮ್ಮೂರಿನವರು ನೋಡಬೇಕೆಂದು ನಿರ್ಮಾಪಕರು ಮಾತು ಕೊಟ್ಟಿದ್ದರಲ್ಲ, ಅದರಂತೆ ಮೇ ಹದಿನೆಂಟರ ಭಾನುವಾರ ಮಧ್ಯಾಹ್ನ ನಿಮ್ಮ ಚರ್ಚಿನ ಸಭಾಂಗಣಕ್ಕೆ ಪ್ರತಿ ಬರುತ್ತದೆ. ಕೊನೆಯ ರೀಲಿಗಾಗಿ ಕಾಯಿರಿ. ರಜೆ ಮುಗಿದಿದೆ, ಹೋಟೆಲಿನ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾರೆ, ಕ್ಷಮಿಸಿ ಸಾಹೇಬರು ಪೆಟ್ಟಿಗೆ ಹಿಡಿದು ಖಾಲಿ ತೀರದಲ್ಲಿ ನಿಂತಿದ್ದಾರೆ. ಅಲ್ಲಿ ಕಣ್ಣು ಮುಚ್ಚಿಕೊಳ್ಳಿ. ನೋಡಬೇಡಿ, ಕೇಳಿ. ಖಾಲಿ ತೀರದಲ್ಲಿ ಏನು ಕೇಳಿಸುತ್ತದೆ ಎಂದು ನೀವೇ ಬರೆದಿರಿ. ಅದನ್ನೇ ಮಾಡಿದ್ದೇನೆ. ಸಭೆಯಲ್ಲಿ ಇನ್ನಾರಿಗೂ ಅದು ಏನೂ ಅಲ್ಲ. ನಿಮಗೆ ತಿಳಿಯುತ್ತದೆ.

ಆಮೇಲೆ ನಿಮಗೆ ತೋಚಿದ್ದನ್ನು ಬರೆಯಿರಿ. ನಾನು ಅಲ್ಲಿಯವರೆಗೆ ಪ್ರಾಸ ಹಾಕುವುದಿಲ್ಲ.

ಲ್ಯೂಸಿಯೆನ್


ಪೋರ್ಗ್ವೆನೆಕ್, 20 ಮೇ 1952

ಲ್ಯೂಸಿಯೆನ್ ಬೋಸ್ಕೆ ಅವರೇ,

ಭಾನುವಾರ ಚಿತ್ರ ನೋಡಿದೆವು. ಊರಿಗೆ ಊರೇ ಬಂದಿತ್ತು. ಬೆಂಚು ಸಾಲದೆ ಜನ ಗೋಡೆಗೆ ಒರಗಿದ್ದರು, ಮೂವರು ಪ್ರವಚನ ಪೀಠದ ಮೆಟ್ಟಿಲ ಮೇಲೆ. ಮದಾಮ್ ಲೊಜಾಕ್ ತಮ್ಮ ಹೋಟೆಲಿನ ಹೆಸರು ಕಂಡಾಗ ಎದ್ದು ನಿಂತರು, ಹಿಂದಿನವರು "ಕೂತ್ಕೊಳ್ಳಮ್ಮಾ, ಹೋಟೆಲು ನಿನ್ನ ಬೆನ್ನ ಹಿಂದೆ ಇದೆ" ಎಂದು ಕೂರಿಸಿದರು. ಗಾಡಿ ಉರುಳಿದಾಗ ಜೋಬ್ ಬಾಯಲ್ಲೇ ಕೀಂ ಕುಯ್ಯ್ ಎಂದ, ಸಭೆಯೆಲ್ಲ ಅವನ ಜೊತೆ ಹಾಡಿತು. ಸಾಹೇಬರು ಬಿದ್ದಾಗ ಮುದುಕ ಪೆರಿಗ್ ಮೊಣಕಾಲಿಗೆ ಬಡಿದು "ಧಡಾರ್" ಎಂದ. ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ನಾನು ಈ ಊರಿನಲ್ಲಿ ಕಂಡಿರಲಿಲ್ಲ. ನಿಮ್ಮ ನಾಯಕ ಬಹಳ ಚೆನ್ನಾಗಿ ಮಾಡಿದ್ದಾರೆ.

ನಿಮ್ಮ ಕೆಲಸದ ವಿಷಯ ನಾನು ಎತ್ತುವುದಿಲ್ಲ. ಎತ್ತಿದರೆ ನಿಮಗೂ ಹಿತವಿಲ್ಲ, ನನಗೂ ಹಿತವಿಲ್ಲ. ನಿಮ್ಮ ಶ್ರಮ ನನಗೆ ಗೊತ್ತಿದೆ ಎಂದಷ್ಟೇ ತಿಳಿಯಿರಿ.

ಕೊನೆಯ ರೀಲಿಗೆ ಕಣ್ಣು ಮುಚ್ಚಿಕೊಂಡೆ, ನೀವು ಹೇಳಿದ ಹಾಗೆ. ಮುಗಿಯುವವರೆಗೂ ತೆರೆಯಲಿಲ್ಲ. ಪಕ್ಕದಲ್ಲಿದ್ದ ಕೊರೆಂತಿನ್ "ನಿದ್ದೆ ಬಂತಾ?" ಎಂದರು. ಇಲ್ಲ ಎಂದೆ.

ನಿಮ್ಮ ಮನಸ್ಸು ತಿಳಿಯಿತು. ಬಾಯಿಬಿಟ್ಟು ಹೇಳಿ ನೋಯಿಸುವ ಬದಲು ಹೀಗೆ ಮೃದುವಾಗಿ ತಿಳಿಸಿದಿರಿ. ಅದಕ್ಕೆ ಕೃತಜ್ಞಳು. ನಿನ್ನೆ ಕೊರೆಂತಿನ್‌ಗೆ ಹೂಂ ಎಂದೆ. ಜುಲೈ ಐದರ ಶನಿವಾರ ಮದುವೆ.

ಓಡಿಲ್ ಕರ್ವೆನ್


ಪ್ಯಾರಿಸ್, 29 ಮೇ 1952

ಮಾನ್ಯ ಶ್ರೀಮತಿ ಕರ್ವೆನ್ ಅವರಿಗೆ,

ತಮ್ಮ ಪತ್ರ ತಲುಪಿತು. ಉತ್ತರ ಇಷ್ಟು ಸ್ಪಷ್ಟವಾಗಿರುತ್ತದೆಂದು ನಾನು ಎಣಿಸಿರಲಿಲ್ಲ. ಸ್ಪಷ್ಟವಾಗಿದ್ದದ್ದು ಒಳ್ಳೆಯದೇ ಆಯಿತು.

ನನ್ನ ಸದ್ದುಗಳನ್ನು ಸಭೆಯವರು ಬಾಯಲ್ಲಿ ಅಣಕಿಸಿದರೆಂದು ತಿಳಿದು ಮೊದಲು ಮುಜುಗರವಾಯಿತು. ಆಮೇಲೆ ಯೋಚಿಸಿದರೆ ಅದರಲ್ಲಿ ತಪ್ಪಿಲ್ಲ. ಅಳತೆ ಮೀರಿ ಸದ್ದು ಮಾಡಿದವನಿಗೆ ಅದು ಸಲ್ಲತಕ್ಕದ್ದೇ. ಕೊನೆಯ ರೀಲಿನಲ್ಲಿ ನಾನು ಅಳತೆ ಮೀರಿದ್ದರೆ ಕ್ಷಮಿಸಬೇಕು. ಇನ್ನು ಮುಂದೆ ಹಾಗಾಗದು.

ತಮಗೂ ಕೊರೆಂತಿನ್ ಅವರಿಗೂ ಎಲ್ಲ ಒಳ್ಳೆಯದಾಗಲಿ. ಅವರು ಯೋಗ್ಯರು. ಚಕ್ರವನ್ನು ಬೇರೆ ಪೆಟ್ಟಿಗೆಯಲ್ಲಿ ಹಿಂದಿರುಗಿಸಿದ್ದೇನೆ. ತಮ್ಮದಾದ ಬೇರಾವುದೂ ಈಗ ನನ್ನ ಬಳಿ ಉಳಿದಿಲ್ಲ.

ವಿಶ್ವಾಸಿ,
ಲ್ಯೂಸಿಯೆನ್ ಬೋಸ್ಕೆ


ಪೋರ್ಗ್ವೆನೆಕ್, 14 ಅಕ್ಟೋಬರ್ 1952

ಲ್ಯೂಸಿಯೆನ್ ಅವರೇ,

ಮದುವೆಯಾದ ಮೇಲೆ ನಿಮಗೆ ಬರೆಯಬಾರದೆಂದಿದ್ದೆ. ಆದರೆ ನೀವೊಂದು ಕೇಳಿದ್ದೀರಿ. ಅದಕ್ಕೆ ಉತ್ತರ ಬಂದಿದೆ ಎಂದು ನೀವು ತಿಳಿದಿದ್ದೀರಿ. ಬಂದಿಲ್ಲ.

ಮೊದಲು ಇದನ್ನು ತಿಳಿಯಿರಿ: ಮೇ ತಿಂಗಳಲ್ಲಿ ನಮ್ಮೂರಿನಲ್ಲಿ ನಿಮ್ಮ ಚಿತ್ರಕ್ಕೆ ಸದ್ದೇ ಇರಲಿಲ್ಲ.

ಹೋದ ವಾರ ಪಾದ್ರಿಗಳ ಬಳಿ ಹೋಗಿ ಚಿತ್ರ ತೋರಿಸುವ ಯಂತ್ರದ ವಿಷಯ ಕೇಳಿದೆ. ಫಿಲ್ಮಿನ ಅಂಚಿನಲ್ಲಿರುವ ಸದ್ದಿನ ಗೆರೆಯನ್ನು ಓದಲು ಅದರೊಳಗೆ ಒಂದು ಪುಟ್ಟ ದೀಪವಿರುತ್ತದಂತೆ, ನಿಮಗೆ ಗೊತ್ತೇ ಇದೆ. ಪಾದ್ರಿಗಳು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು.

"ಪುಟ್ಟ ದೀಪ ಅಂದ್ಯಾ? ಹೋದ ಕ್ರಿಸ್ಮಸ್ಸಿಗೆ ಬಾಲಯೇಸುವಿನ ಗೋದಲಿ ಮೇಲಿನ ನಕ್ಷತ್ರದ ದೀಪ ಸುಟ್ಟು ಹೋಯ್ತು. ಯಂತ್ರದಲ್ಲಿ ಸುಮ್ನೆ ಒಂದು ಇತ್ತಲ್ಲ ಅಂತ ತೆಗೆದು ಅಲ್ಲಿ ಹಾಕಿದೆ."

"ಆಮೇಲೆ ವಾಪಸ್ ಹಾಕ್ಲಿಲ್ವಾ ಫಾದರ್?"

"ಆಮೇಲೆ ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದಲ್ಲಿ ತೋರಿಸಿದ್ದು ಹಳೇ ಯೇಸುವಿನ ಚಿತ್ರ. ಅದು ಮೂಕಿ. ಮೇ ತಿಂಗಳಲ್ಲಿ ಬಂದ ನಿಮ್ಮ ಗುಂಡಣ್ಣ, ಅವನೂ ಬಾಯಿ ಬಿಡೋನಲ್ಲ. ಅವನದೂ ಮೂಕಿ ಅಂದ್ಕೊಂಡೆ. ಯಾಕಮ್ಮಾ, ಏನಾದ್ರೂ ಮುಖ್ಯವಾದ್ದು ಇತ್ತಾ ಅದ್ರಲ್ಲಿ?"

ಒಂದು ಚಕ್ರ ಇತ್ತು ಎಂದೆ.

ಆ ದಿನ ಜೋಬನೂ ಪೆರಿಗನೂ ಬಾಯಲ್ಲಿ ಸದ್ದು ಮಾಡಿದ್ದು ಅಣಕಿಸಲು ಅಲ್ಲ, ಸದ್ದಿಲ್ಲದ್ದರಿಂದ. ನೀವು ಒಂಬತ್ತು ಸಲ ಬಿದ್ದದ್ದನ್ನು ನಿರ್ಮಾಪಕರು ಚಿತ್ರದಿಂದ ಕಿತ್ತೆಸೆದಿದ್ದಾರೆ, ಪಾಪ, ಈ ಮನುಷ್ಯ ಅದನ್ನು ನನಗೆ ಹೇಳಲೂ ಆರದೆ ಇದ್ದಾರೆ ಎಂದುಕೊಂಡೆ. ಅದಕ್ಕೇ ಕೆಲಸದ ವಿಷಯ ಎತ್ತುವುದಿಲ್ಲ ಎಂದು ಬರೆದೆ. ಆದರೂ ಕೊನೆಯ ರೀಲಿಗೆ ಕಣ್ಣು ಮುಚ್ಚಿದೆ. ಬೇರೆ ಏನು ತೆಗೆದಿದ್ದರೂ ಅದೊಂದನ್ನು ಹೇಗಾದರೂ ಉಳಿಸಿಕೊಂಡಿರುತ್ತೀರಿ ಎಂದು ನಂಬಿದ್ದೆ. ಯಂತ್ರ ಗರಗರ ಎನ್ನುತ್ತಿತ್ತು. ಬೆಂಚು ಕಿರುಗುಟ್ಟಿತು. ಅಷ್ಟೇ. ನೀವು ಕೇಳುವುದು ಏನೂ ಇಲ್ಲ, ಅದನ್ನು ಹೀಗೆ ತಿಳಿಸಿದ್ದೀರಿ ಎಂದುಕೊಂಡೆ. ಒಂದು ಕಾರ್ಡು ಬರೆದು ಕೇಳಬಹುದಾಗಿತ್ತು. ಕೇಳಲಿಲ್ಲ. ಸೂಪನ್ನಾದರೆ ಮೂರು ಸಲ ಕೇಳಬಹುದು, ಇದನ್ನು ಎರಡನೆಯ ಸಲ ಕೇಳುವುದು ನನ್ನಿಂದ ಆಗಲಿಲ್ಲ. ನೀವೂ ಕೇಳಲಿಲ್ಲ.

ಈ ತಿಂಗಳ ಎರಡರಂದು ಕೊರೆಂತಿನ್‌ಗೆ ಹಗ್ಗ ಕೊಳ್ಳಲು ನಾಂತ್ ನಗರಕ್ಕೆ ಹೋಗಬೇಕಿತ್ತು, ನನ್ನನ್ನೂ ಕರೆದೊಯ್ದರು. ಕೆಲಸ ಬೇಗ ಮುಗಿಯಿತು, ಮಳೆ ಹಿಡಿಯಿತು. ಎದುರಿಗೇ ಸಿನಿಮಾ ಮಂದಿರ, ಬಾಗಿಲ ಮೇಲೆ ಟೊಪ್ಪಿ ಎತ್ತಿದ ಕ್ಷಮಿಸಿ ಸಾಹೇಬರು. "ನೋಡಿದ್ದೇ ಅಲ್ವಾ?" ಎಂದರು ಕೊರೆಂತಿನ್. "ಇನ್ನೊಂದ್ಸಲ ನೋಡಿದ್ರೆ ಸವೆಯುತ್ತಾ?" ಎಂದೆ. ಹೊಟ್ಟೆ ತುಂಬ ಕ್ರೇಪ್ ದೋಸೆ ತಿಂದಿದ್ದರು. ಕೂತ ಹತ್ತು ನಿಮಿಷಕ್ಕೆ ಗೊರಕೆ.

ಮೊದಲು ನನಗೆ ಏನೂ ಅರ್ಥವಾಗಲಿಲ್ಲ. ಕುರ್ಚಿಗಳ ನಡುವಿನ ದಾರಿಯಲ್ಲಿ ಯಾರೋ ಬಟ್ಟೆ ಗಾಡಿ ತಳ್ಳಿಕೊಂಡು ಬರುತ್ತಿದ್ದಾರೆ ಎಂದು ತಿರುಗಿ ನೋಡಿದೆ. ಯಾರೂ ಇಲ್ಲ. ಕೀಂ, ಕುಯ್ಯ್. ಪರದೆಯಿಂದ ಬರುತ್ತಿತ್ತು. ಗಾಡಿ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಆಗಲೇ ನಾನೂರು ಜನ ನಗಲು ಶುರುಮಾಡಿದರು. ಆಮೇಲೆ ಸಾಹೇಬರು ಬಿದ್ದರು. "ಹುಂ" ಎಂದದ್ದು ನೀವು. ಎಲ್ಲರೂ ನಕ್ಕರು, ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ಪಕ್ಕದ ಹೆಂಗಸು ಕರವಸ್ತ್ರ ಕೊಟ್ಟಳು. "ನಕ್ಕೂ ನಕ್ಕೂ ನಂಗೂ ಕಣ್ಣಲ್ಲಿ ನೀರು ಬಂತು ನೋಡಿ" ಎಂದಳು.

ಇಡೀ ಚಿತ್ರದಲ್ಲಿ ನಿಮ್ಮ ಹೆಜ್ಜೆ. ಉಪ್ಪಿನ ಮೇಲೆ, ಹಲಗೆಯ ಮೇಲೆ, ಚಾಪೆಯ ಮೇಲೆ. ಬಲಗಾಲನ್ನು ಒಂದಿಷ್ಟು ಎಳೆಯುತ್ತೀರಿ. ಹನ್ನೊಂದು ದಿನ ನೀವು ನಮ್ಮ ಊಟದ ಕೋಣೆಯಲ್ಲಿ ಓಡಾಡಿದಾಗ ನಾನಿದನ್ನು ಗಮನಿಸಿದ್ದೆ ಎಂದು ನನಗೇ ತಿಳಿದಿರಲಿಲ್ಲ.

ಕೊನೆಯ ರೀಲು ಬಂತು. ಕಣ್ಣು ಮುಚ್ಚಿದೆ. ಅಲೆ ಬಂತು, ಹೋಯಿತು. ಅವರೆಬೇಳೆ ಎಂದು ಗೊತ್ತಿದ್ದೂ ಕಾಲು ಒದ್ದೆಯಾದಂತಾಯಿತು. ಕಿಟಕಿಯ ಕದಗಳು ಒಂದೊಂದಾಗಿ ಬಿದ್ದವು. ದೂರದಲ್ಲಿ ಒಂದು ನಾಯಿ. ಆಮೇಲೆ, ಇನ್ನೂ ದೂರದಿಂದ, ನೀರಿನ ಅಂಚಿನಲ್ಲಿ ನಿಂತು ಕರೆದ ಹಾಗೆ, ನಿಮ್ಮ ದನಿ:

"ಓಡಿಲ್, ಬರ್ತೀಯಾ?"

ಒಂದೇ ಸಲ. ಕಡಲತೀರದಲ್ಲಿ ದಿನಕ್ಕೆ ನೂರು ಸಲ ಕೇಳಿಸುವಂಥದ್ದು. ಸಭೆಯಲ್ಲಿ ಯಾರೂ ತಲೆ ತಿರುಗಿಸಲಿಲ್ಲ. ತಾವು ಎಂದು ಶುರುಮಾಡಿ, ನೀವು ಎನ್ನುವುದಕ್ಕೆ ಎರಡು ತಿಂಗಳು ತೆಗೆದುಕೊಂಡವರು, ಅಷ್ಟು ಜನರ ಮುಂದೆ ನೀನು ಎಂದಿರಿ. ಪ್ರಾಸವಿಲ್ಲದೆ.

ಕೊರೆಂತಿನ್‌ಗೆ ಎಚ್ಚರವಾಯಿತು. ಗೊರಕೆಯ ನಡುವೆಯೂ ಅವರಿಗೆ ನನ್ನ ಹೆಸರು ಕೇಳಿಸುತ್ತದೆ.

"ಯಾರೋ ನಿನ್ನ ಕರೀತಿದ್ದಾರೆ" ಎಂದರು.

"ಅದು ಸಿನಿಮಾದಲ್ಲಿ. ಓಡಿಲ್ ಅನ್ನೋರು ಫ್ರಾನ್ಸಲ್ಲಿ ಬೇಕಾದಷ್ಟು ಜನ ಇದ್ದಾರೆ."

"ಇರ್ಲಿ. ಕರೆದವರಿಗೆ ಓಗೊಡ್ಬೇಕು, ಪಾಪ."

ಅವರು ತಮಾಷೆ ಮಾಡಿದರೋ, ನಿದ್ದೆಗಣ್ಣಿನಲ್ಲಿ ಆಡಿದರೋ, ಎಲ್ಲ ತಿಳಿದೇ ಆಡಿದರೋ, ಇವತ್ತಿನವರೆಗೂ ನನಗೆ ಗೊತ್ತಿಲ್ಲ. ನಾನು ಕೇಳುವುದೂ ಇಲ್ಲ. ಇಷ್ಟು ಮಾತ್ರ ಹೇಳಬೇಕು ಎಂದು ಈ ಪತ್ರ: ನಾನು ಓಗೊಟ್ಟೆ. "ಬಂದೆ" ಎಂದೆ, ನೀರಿನವರೆಗೆ ಮುಟ್ಟುವಷ್ಟು ಗಟ್ಟಿಯಾಗಿ ಅಲ್ಲ, ಆದರೆ ಬಾಯಿಬಿಟ್ಟು.

ಕಣ್ಣು ತೆರೆದಾಗ ಪರದೆ ಬೆಳ್ಳಗಾಗಿತ್ತು. ಜನ ಏಳುತ್ತಿದ್ದರು, ಕುರ್ಚಿಗಳು ಪಟಪಟನೆ ಮಡಚಿಕೊಳ್ಳುತ್ತಿದ್ದವು. ರೈಲಿಗೆ ಹೊತ್ತಾಗಿತ್ತು. ಕೊರೆಂತಿನ್ ನನ್ನ ಕೋಟು ಬಿಡಿಸಿ ಹಿಡಿದು ನಿಂತಿದ್ದರು. ನಾನು ಒಂದೊಂದಾಗಿ ತೋಳು ತೂರಿಸಿದೆ.

ಓಡಿಲ್